ಆನಂದಿಬಾಯಿ ಜೋಶಿ: ಕಲ್ಯಾಣದಿಂದ ಫಿಲಡೆಲ್ಫಿಯಾವರೆಗೆ ಹೋದ ಹುಡುಗಿ; ಕಾದಂಬರಿ, ನಾಟಕ, ಸಿನಿಮಾದಾಚೆಗಿನ ಬದುಕು

ಒಂಬತ್ತನೇ ವಯಸ್ಸಿಗೆ ಮದುವೆ. ಹದಿನಾಲ್ಕರ ಆಸುಪಾಸಿನಲ್ಲಿ ತಾಯ್ತನ, ಹತ್ತೇ ದಿನದಲ್ಲಿ ಮಗುವಿನ ಸಾವು. ಹದಿನೆಂಟಕ್ಕೆ ಗಂಡನಿಲ್ಲದೆ ಅಮೆರಿಕಕ್ಕೆ ಹಡಗಿನ ಪಯಣ. ಇಪ್ಪತ್ತೊಂದು ತುಂಬುವ ಹೊತ್ತಿಗೆ ಕೈಯಲ್ಲಿ ಎಂ.ಡಿ. ಪದವಿ. ಇಪ್ಪತ್ತೆರಡು ತುಂಬುವ ಮೊದಲೇ ಕ್ಷಯದಿಂದ ಮರಣ. ಡಾ. ಆನಂದಿಬಾಯಿ ಜೋಶಿ ಅವರ ಬದುಕಿನ ಪಟ್ಟಿ ಇಷ್ಟೇ. ಆದರೆ ಈ ಪುಟ್ಟ ಬದುಕಿನ ಮೇಲೆ ಬಂದ ಪುಸ್ತಕ, ನಾಟಕ, ಧಾರಾವಾಹಿ, ಸಿನಿಮಾಗಳ ಪಟ್ಟಿ ಮಾತ್ರ 130 ವರ್ಷ ಕಳೆದರೂ ಬೆಳೆಯುತ್ತಲೇ ಇದೆ.

ಮುಂಬೈ ಲೋಕಲ್ ರೈಲಿನಲ್ಲಿ ಓಡಾಡುವ ಥಾಣೆ, ಡೊಂಬಿವಲಿ, ನವಿಮುಂಬಯಿ ಕನ್ನಡಿಗರಿಗೆ ಕಲ್ಯಾಣ ಎಂದರೆ ಜನಜಂಗುಳಿಯ ಜಂಕ್ಷನ್. ಆದರೆ ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದ ಭಾರತದ ಮೊದಲ ಮಹಿಳೆ ಆಡಿ ಬೆಳೆದದ್ದು, ಮದುವೆಯಾದದ್ದು ಇದೇ ಊರಿನಲ್ಲಿ ಎಂಬುದು ಎಷ್ಟು ಮಂದಿಗೆ ಗೊತ್ತು?

ಕಲ್ಯಾಣದ ಯಮುನಾ

1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣಕ್ಕೂ ಬಂತು. ಅದಾಗಿ ಹನ್ನೊಂದು ವರ್ಷಕ್ಕೆ, 1865ರ ಮಾರ್ಚ್ 31ರಂದು, ಕಲ್ಯಾಣದ ಜೋಶಿ ಮನೆತನದಲ್ಲಿ ಹೆಣ್ಣು ಮಗುವೊಂದು ಹುಟ್ಟಿತು. ತಂದೆ ಗಣಪತರಾವ್, ತಾಯಿ ಗಂಗಾಬಾಯಿ. ಮಗುವಿಗೆ ಇಟ್ಟ ಹೆಸರು ಯಮುನಾ.

ಒಂದು ಕಾಲಕ್ಕೆ ಜಮೀನು, ದೊಡ್ಡ ಮನೆ, ಮಾನಮರ್ಯಾದೆ ಎಲ್ಲವೂ ಇದ್ದ ಚಿತ್ಪಾವನ ಬ್ರಾಹ್ಮಣ ಕುಟುಂಬವದು. ಯಮುನಾ ಹುಟ್ಟುವ ಹೊತ್ತಿಗೆ ಆಸ್ತಿ ಕರಗಿತ್ತು, ಹೆಸರಷ್ಟೇ ಉಳಿದಿತ್ತು. ತಂದೆಗೆ ಮಗಳೆಂದರೆ ಅಕ್ಕರೆ. ತಾಯಿಯ ಕೈ ಮಾತ್ರ ಬಲು ಬಿರುಸು. ಸಣ್ಣ ತಪ್ಪಿಗೂ ಏಟು ಬೀಳುತ್ತಿತ್ತು. ಅಮ್ಮನ ಬಾಯಲ್ಲಿ ಪ್ರೀತಿಯ ಮಾತು ಕೇಳಿದ ನೆನಪೇ ಇಲ್ಲವೆಂಬ ಕೊರಗು ಆನಂದಿಬಾಯಿ ಅವರನ್ನು ದೊಡ್ಡವರಾದ ಮೇಲೂ ಬಿಟ್ಟಿರಲಿಲ್ಲ.

1874ರಲ್ಲಿ, ಒಂಬತ್ತು ತುಂಬಿದ ಯಮುನಾಳ ಮದುವೆ ನಡೆಯಿತು. ವರ ಗೋಪಾಳರಾವ್ ಜೋಶಿ, ಅಂಚೆ ಇಲಾಖೆಯ ಗುಮಾಸ್ತ. ಮೊದಲ ಹೆಂಡತಿ ತೀರಿಕೊಂಡಿದ್ದರು. ಹುಡುಗಿಗಿಂತ ಹೆಚ್ಚುಕಡಿಮೆ ಇಪ್ಪತ್ತು ವರ್ಷ ದೊಡ್ಡವರು. ಮದುವೆಯ ದಿನ ಯಮುನಾ ಎಂಬ ಹೆಸರು ಹೋಗಿ ಆನಂದಿ ಎಂಬ ಹೆಸರು ಬಂತು.

ಓದಿಸಿದ ಕೈಯೇ ಹೊಡೆದ ಕೈ

ಹೆಂಡತಿಯನ್ನು ಓದಿಸಲೇಬೇಕು ಎಂಬುದು ಗೋಪಾಳರಾವ್ ಅವರ ಹಠ. ಆ ಕಾಲದಲ್ಲಿ ಇದು ಊರವರ ಕಣ್ಣಿಗೆ ಹುಚ್ಚಾಟ. ಹೆಣ್ಣು ಅಕ್ಷರ ಕಲಿತರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ್ದ ಕಾಲ. ಕಲ್ಯಾಣದಲ್ಲೇ ಇದ್ದರೆ ಮನೆಯವರ ಅಡ್ಡಿ ತಪ್ಪಿದ್ದಲ್ಲ ಎಂದು ಗೋಪಾಳರಾವ್ ದೂರದ ಊರಿಗೆ ವರ್ಗ ಮಾಡಿಸಿಕೊಂಡರು. ಅಲಿಬಾಗ್, ಕೊಲ್ಹಾಪುರ, ಮುಂಬೈ, ಕಛ್‌ನ ಭುಜ್, ಕಲ್ಕತ್ತ, ಶ್ರೀರಾಮಪುರ ಹೀಗೆ ಅಂಚೆ ಕಚೇರಿ ಬದಲಾದಂತೆಲ್ಲ ಆನಂದಿಯ ಪಾಠಶಾಲೆಯೂ ಬದಲಾಯಿತು. ಮರಾಠಿ ಆಯಿತು, ಸಂಸ್ಕೃತ ಆಯಿತು, ಇಂಗ್ಲಿಷ್ ಆಯಿತು.

ಪುಸ್ತಕ ಹಿಡಿದು, ಕಾಲಿಗೆ ಬೂಟು ಹಾಕಿ ಗಂಡನ ಜೊತೆ ನಡೆದು ಹೋಗುವ ಹುಡುಗಿಯನ್ನು ಕಂಡು ಬೀದಿಯಲ್ಲಿ ಜನ ನಗುತ್ತಿದ್ದರು, ಹಿಂದೆ ಬೀಳುತ್ತಿದ್ದರು. ಮುಂಬೈಯಲ್ಲೂ ಇದೇ, ಬಂಗಾಳದಲ್ಲೂ ಇದೇ.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಗೋಪಾಳರಾವ್ ಆದರ್ಶ ಪತಿ. ಆದರೆ ಓದಿಸಿದ ಕೈಯೇ ಹೊಡೆದ ಕೈಯೂ ಹೌದು. ಪಾಠ ತಪ್ಪಿದರೆ, ಅಡುಗೆಮನೆಯಲ್ಲಿ ಕಾಲ ಕಳೆದರೆ ಸಿಟ್ಟು ನೆತ್ತಿಗೇರುತ್ತಿತ್ತು. ಕಟ್ಟಿಗೆಯ ತುಂಡು, ಪುಸ್ತಕ, ಕುರ್ಚಿ, ಕೈಗೆ ಸಿಕ್ಕಿದ್ದರಿಂದ ಏಟು ಬಿದ್ದಿದೆ. ಬಿಟ್ಟು ಹೋಗುವ ಬೆದರಿಕೆಯೂ ಬಂದಿದೆ. ಇದನ್ನು ಹೇಳಿದವರು ಬೇರೆ ಯಾರೂ ಅಲ್ಲ, ಸ್ವತಃ ಆನಂದಿಬಾಯಿ. ಅಮೆರಿಕದಿಂದ ಗಂಡನಿಗೇ ಬರೆದ ಪತ್ರದಲ್ಲಿ ಹಳೆಯದನ್ನೆಲ್ಲ ನೆನಪಿಸಿದ್ದರು. ಹಿಂದೂ ಹೆಣ್ಣಿಗೆ ಇದನ್ನು ತಡೆಯುವ ಯಾವ ಹಕ್ಕೂ ಇಲ್ಲವೆಂಬ ಕಹಿಯೂ, ಓದಿಸಿದ ಗಂಡನಿಗೆ ತಾನು ಋಣಿ ಎಂಬ ಮಾತೂ ಅವರ ಪತ್ರಗಳಲ್ಲಿ ಅಕ್ಕಪಕ್ಕದಲ್ಲೇ ಸಿಗುತ್ತವೆ.

ಹತ್ತು ದಿನದ ಮಗು

ಹದಿನಾಲ್ಕರ ಹೊತ್ತಿಗೆ ಆನಂದಿಗೆ ಗಂಡು ಮಗು ಹುಟ್ಟಿತು. ಹತ್ತು ದಿನ ಮಾತ್ರ ಬದುಕಿತು. ಸರಿಯಾದ ವೈದ್ಯಕೀಯ ಆರೈಕೆ ಸಿಗಲಿಲ್ಲ.

ಆಗ ಮೇಲ್ಜಾತಿಯ ಮನೆಗಳಲ್ಲಿ ಹೆಂಗಸರು ಪುರುಷ ವೈದ್ಯರ ಮುಂದೆ ಬಾಯಿ ಬಿಟ್ಟು ಕಾಯಿಲೆ ಹೇಳುವುದೇ ಕಷ್ಟ. ಮುಟ್ಟಿ ಪರೀಕ್ಷಿಸುವುದು ದೂರದ ಮಾತು. ಹೆರಿಗೆ ಎಂದರೆ ಸೂಲಗಿತ್ತಿ, ಕತ್ತಲ ಕೋಣೆ, ದೇವರ ಮೇಲೆ ಭಾರ. ವೈದ್ಯೆಯರು ಇದ್ದರೆ ಎಷ್ಟೋ ತಾಯಂದಿರು, ಮಕ್ಕಳು ಉಳಿಯುತ್ತಿದ್ದರು ಎಂಬ ಯೋಚನೆ ಆನಂದಿಬಾಯಿ ಅವರ ತಲೆಯಲ್ಲಿ ಗಟ್ಟಿಯಾಯಿತು.

ಗೋಪಾಳರಾವ್ ಕೊಲ್ಹಾಪುರದಲ್ಲಿದ್ದಾಗ ಅಮೆರಿಕದ ಮಿಷನರಿ ರಾಯಲ್ ವೈಲ್ಡರ್ ಅವರಿಗೆ ಪತ್ರ ಬರೆದಿದ್ದರು. ಹೆಂಡತಿಯನ್ನು ಅಮೆರಿಕದಲ್ಲಿ ಓದಿಸಬೇಕು, ತನಗೂ ಒಂದು ಕೆಲಸ ಬೇಕು ಎಂಬುದು ಕೋರಿಕೆ. ಕ್ರೈಸ್ತರಾದರೆ ಸಹಾಯವಾದೀತು ಎಂಬರ್ಥದ ಉತ್ತರ ಬಂತು. ದಂಪತಿ ಒಪ್ಪಲಿಲ್ಲ. ಆದರೆ ವೈಲ್ಡರ್ ಆ ಪತ್ರಗಳನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದರು. 1880ರಲ್ಲಿ ನ್ಯೂಜೆರ್ಸಿಯ ರೊಸೆಲ್‌ನ ಗೃಹಿಣಿ ಥಿಯೊಡೀಸಿಯಾ ಕಾರ್ಪೆಂಟರ್ ಹಲ್ಲಿನ ವೈದ್ಯರಲ್ಲಿ ಸರದಿಗೆ ಕಾಯುತ್ತ ಆ ಪತ್ರಿಕೆಯನ್ನು ತಿರುವಿ ಹಾಕಿದರು. ಓದಿದ್ದು ಮನಸ್ಸಿಗೆ ನಾಟಿತು. ಮುಖ ನೋಡದ ಹುಡುಗಿಗೆ ಪತ್ರ ಬರೆದರು.

ಅಲ್ಲಿಂದ ಶುರುವಾದ ಪತ್ರ ವ್ಯವಹಾರದಲ್ಲಿ ಬಾಲ್ಯವಿವಾಹ, ಹಬ್ಬ ಹರಿದಿನ, ಹೆಂಗಸರ ಕಾಯಿಲೆ, ಧರ್ಮ ಎಲ್ಲವೂ ಬಂದುಹೋದವು. ಆನಂದಿಬಾಯಿ ಕಾರ್ಪೆಂಟರ್ ಅವರನ್ನು ಚಿಕ್ಕಮ್ಮನಂತೆ ಕಂಡರು. ಆಗಲೇ ಅವರ ಆರೋಗ್ಯ ಕೆಡತೊಡಗಿತ್ತು: ತಲೆನೋವು, ಆಗಾಗ ಜ್ವರ, ಉಸಿರಾಟದ ತೊಂದರೆ. ಕಾರ್ಪೆಂಟರ್ ಅಮೆರಿಕದಿಂದ ಔಷಧಿ ಕಳಿಸಿದ್ದೂ ಉಂಟು.

ಶ್ರೀರಾಮಪುರದ ಸಭೆ

ಗಂಡನಿಗೆ ಜೊತೆಯಲ್ಲಿ ಹೋಗಲು ಆಗುವಂತಿರಲಿಲ್ಲ. ಹಾಗಾದರೆ ಒಬ್ಬಳೇ ಹೋಗುವುದೇ? ಸುದ್ದಿ ಹಬ್ಬುತ್ತಿದ್ದಂತೆ ಎರಡೂ ಕಡೆಯಿಂದ ಒತ್ತಡ ಬಂತು. ಸಮುದ್ರ ದಾಟಿದರೆ ಜಾತಿಯಿಂದ ಹೊರಗೆ ಎಂದರು ಸಂಪ್ರದಾಯಸ್ಥರು. ಕ್ರೈಸ್ತಳಾಗಿ ಹೋಗು ಎಂದರು ಕೆಲವು ಮಿಷನರಿಗಳು.

1883ರ ಫೆಬ್ರವರಿ 24ರಂದು ಶ್ರೀರಾಮಪುರ ಕಾಲೇಜಿನ ಸಭಾಂಗಣದಲ್ಲಿ ಆನಂದಿಬಾಯಿ ಎದ್ದು ನಿಂತರು. ಹದಿನೆಂಟು ಇನ್ನೂ ತುಂಬಿರಲಿಲ್ಲ. ಜನ ಕೇಳುತ್ತಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ತಾವೇ ಎತ್ತಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸಿದರು. ಯಾಕೆ ಅಮೆರಿಕ? ಇಲ್ಲಿ ಕಲಿಯಲು ದಾರಿ ಇಲ್ಲವೇ? ಯಾಕೆ ಒಂಟಿಯಾಗಿ? ಜಾತಿಯಿಂದ ಹಾಕಿದರೆ? ಅಲ್ಲೇ ಏನಾದರೂ ಆದರೆ? ಬೇರೆ ಹೆಂಗಸರು ಮಾಡದ್ದನ್ನು ನೀನೇ ಯಾಕೆ ಮಾಡಬೇಕು?

ಮದ್ರಾಸ್ ಮೆಡಿಕಲ್ ಕಾಲೇಜು 1875ರಲ್ಲೇ ಮಹಿಳೆಯರಿಗೆ ಬಾಗಿಲು ತೆರೆದಿತ್ತು. ಆದರೆ ಅಲ್ಲಿನ ಕಲಿಕೆ ಸಾಲದು, ಗಂಡಸರ ನಡುವೆ ಕಲಿಯುವುದು ಸುಲಭವೂ ಅಲ್ಲ ಎಂಬುದು ಅವರ ವಾದ. ದೇಶಕ್ಕೆ ವೈದ್ಯೆಯರು ಬೇಕು, ಅದಕ್ಕೆ ತಾನು ಹೋಗುತ್ತೇನೆ, ಹಿಂದೂವಾಗಿ ಹೋಗಿ ಹಿಂದೂವಾಗಿಯೇ ಬರುತ್ತೇನೆ, ಬಂದು ಹೆಂಗಸರಿಗಾಗಿ ವೈದ್ಯಕೀಯ ಕಾಲೇಜು ತೆರೆಯುವ ಆಸೆಯಿದೆ ಎಂದು ಸಾರಿದರು. ಭಾಷಣ ಸುದ್ದಿಯಾಯಿತು, ಧನಸಹಾಯ ಬಂತು. 1883ರ ಏಪ್ರಿಲ್‌ನಲ್ಲಿ ಕಲ್ಕತ್ತದಿಂದ ಹಡಗು ಹೊರಟಿತು. ಜೂನ್‌ನಲ್ಲಿ ನ್ಯೂಯಾರ್ಕ್ ತಲುಪಿದಾಗ ಎದುರುಗೊಂಡವರು ಕಾರ್ಪೆಂಟರ್.

ಫಿಲಡೆಲ್ಫಿಯಾದ ಮೂರು ವರ್ಷ

1850ರಲ್ಲಿ ಆರಂಭವಾಗಿದ್ದ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜು ಆನಂದಿಬಾಯಿ ಅವರನ್ನು ಸೇರಿಸಿಕೊಂಡಿತು. ಡೀನ್ ರೇಚಲ್ ಬಾಡ್ಲಿ ಮಗಳಂತೆ ನೋಡಿಕೊಂಡರು. ಆದರೂ ಚಳಿ ತಡೆಯಲಾಗದ್ದು. ಸಸ್ಯಾಹಾರದ ಊಟ ಹೊಂದಿಸುವುದು ಕಷ್ಟ. ಒಲೆಯ ಹೊಗೆ ತುಂಬಿದ ಬಾಡಿಗೆ ಕೋಣೆ. ಸೀರೆ ಬಿಡಲಿಲ್ಲ, ಚಳಿಗೂ ಅಲ್ಲಿನ ರೀತಿಗೂ ಸರಿಹೋಗಲೆಂದು ಕಾಲು ಮುಚ್ಚುವಂತೆ ಗುಜರಾತಿ ಶೈಲಿಯಲ್ಲಿ ಉಟ್ಟರು. ಕ್ಷಯ ಮೆಲ್ಲಗೆ ದೇಹ ಹೊಕ್ಕಿತು.

1885ರ ಅಕ್ಟೋಬರ್‌ನಲ್ಲಿ ಕಾಲೇಜಿನಲ್ಲಿ ತೆಗೆದ ಫೋಟೊವೊಂದು ಇಂದಿಗೂ ಸಾಮಾಜಿಕ ಜಾಲತಾಣಗಳಲ್ಲಿ ಓಡಾಡುತ್ತಿರುತ್ತದೆ. ಮೂವರು ವಿದ್ಯಾರ್ಥಿನಿಯರು ತಮ್ಮ ತಮ್ಮ ದೇಶದ ಉಡುಗೆಯಲ್ಲಿದ್ದಾರೆ: ಸೀರೆಯಲ್ಲಿ ಆನಂದಿಬಾಯಿ, ಕಿಮೋನೊದಲ್ಲಿ ಜಪಾನಿನ ಕೇ ಒಕಾಮಿ, ಜೊತೆಗೆ ಸಿರಿಯಾದ ಸಬಾತ್ ಇಸ್ಲಾಂಬೂಲಿ. ಮೂವರೂ ಮುಂದೆ ವೈದ್ಯೆಯರಾದರು.

ಪದವಿಗಾಗಿ ಆನಂದಿಬಾಯಿ ಆರಿಸಿಕೊಂಡ ಪ್ರಬಂಧದ ವಿಷಯ ಹಿಂದೂಗಳಲ್ಲಿ ಪ್ರಸೂತಿ ಪದ್ಧತಿ. ಹತ್ತು ದಿನದ ಮಗುವನ್ನು ಕಳೆದುಕೊಂಡಿದ್ದ ತಾಯಿ ಆ ಅಧ್ಯಾಯವನ್ನು ಮರೆತಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1886ರ ಮಾರ್ಚ್ 11ರಂದು ಎಂ.ಡಿ. ಪದವಿ ಸಿಕ್ಕಿತು. ಸಮಾರಂಭಕ್ಕೆ ಇಂಗ್ಲೆಂಡಿನಿಂದ ಬಂದವರು ದೂರದ ನೆಂಟರಾದ ಪಂಡಿತಾ ರಮಾಬಾಯಿ. ಕನ್ನಡಿಗರು ಗಮನಿಸಬೇಕಾದ ಸಂಗತಿ: ರಮಾಬಾಯಿ ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ನಮ್ಮ ಕಾರ್ಕಳ ಸೀಮೆಯ ಮಾಳದವರು, ರಮಾಬಾಯಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಡೀನ್ ಬಾಡ್ಲಿ ಈ ಪದವಿಯ ಸುದ್ದಿಯನ್ನು ವಿಕ್ಟೋರಿಯಾ ರಾಣಿಗೂ ತಲುಪಿಸಿದರು. ಅರಮನೆಯಿಂದ ಮೆಚ್ಚುಗೆಯ ಉತ್ತರ ಬಂತು.

ತೆರೆಯದೇ ಉಳಿದ ವಾರ್ಡ್

ಕೊಲ್ಹಾಪುರ ಸಂಸ್ಥಾನ ತನ್ನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಾರ್ಡಿನ ಹೊಣೆಯನ್ನು ಆನಂದಿಬಾಯಿ ಅವರಿಗೆ ವಹಿಸಿತು. ಗಂಡ ಹೆಂಡತಿ 1886ರ ಕೊನೆಯಲ್ಲಿ ಭಾರತಕ್ಕೆ ಮರಳಿದರು. ಹೋಗುವಾಗ ಬೈದವರೂ ಬರುವಾಗ ಹಾರ ಹಿಡಿದು ನಿಂತಿದ್ದರು. ಆದರೆ ಇಳಿದು ಬಂದದ್ದು ಕೆಮ್ಮಿನಿಂದ ಬಳಲಿದ, ಬಡಕಲು ದೇಹ. ಕೊಲ್ಹಾಪುರದ ಕೆಲಸಕ್ಕೆ ಹಾಜರಾಗಲು ಆಗಲೇ ಇಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಕೊನೆಯುಸಿರೆಳೆದರು.

ಚಿತಾಭಸ್ಮವನ್ನು ಕಾರ್ಪೆಂಟರ್ ಅವರಿಗೆ ಕಳಿಸಲಾಯಿತು. ಅವರು ಅದನ್ನು ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿರುವ ತಮ್ಮ ಕುಟುಂಬದ ಸಮಾಧಿ ಸ್ಥಳದಲ್ಲಿ ಇಟ್ಟು ಕಲ್ಲು ನಿಲ್ಲಿಸಿದರು. ಕಲ್ಯಾಣದ ಹುಡುಗಿಯ ಗುರುತಿನ ಕಲ್ಲು ಇಂದಿಗೂ ಅಲ್ಲಿದೆ.

ವಿಕ್ಟೋರಿಯಾ ಕಾಲದ ಕಾದಂಬರಿಯ ಹಾಗೆ, ಆದರೆ ಹಾಗಲ್ಲ

ಈ ಬದುಕು ಥೇಟ್ ಆ ಕಾಲದ ಇಂಗ್ಲಿಷ್ ಕಾದಂಬರಿಯಂತಿದೆ ಎಂದು ಅನಿಸಿದರೆ ಆಶ್ಚರ್ಯವಿಲ್ಲ. 1847ರಲ್ಲಿ ಬಂದ ಷಾರ್ಲಟ್ ಬ್ರಾಂಟೆಯ 'ಜೇನ್ ಐರ್' ನೆನಪಿಸಿಕೊಳ್ಳಿ. ಅಲ್ಲೂ ಬಾಲ್ಯದಲ್ಲಿ ಏಟು ತಿಂದ ಹುಡುಗಿ, ಅಲ್ಲೂ ಓದೇ ಬಿಡುಗಡೆಯ ದಾರಿ, ಅಲ್ಲೂ ಶಾಲೆಯ ಗೆಳತಿಯನ್ನು ನುಂಗುವ ಕ್ಷಯ, ಅಲ್ಲೂ ಸುಮಾರು ಇಪ್ಪತ್ತು ವರ್ಷ ದೊಡ್ಡವನಾದ ಹಠಮಾರಿ ಗಂಡಸು. ಹುಡುಗಿಯೊಬ್ಬಳು ಬೆಳೆದು ತನ್ನ ಕಾಲ ಮೇಲೆ ತಾನು ನಿಲ್ಲುವ ಕಥೆಗಳಿಗೆ ಆ ಪುಸ್ತಕ ಇಂದಿಗೂ ಮಾದರಿ.

ಆದರೆ ದೊಡ್ಡ ವ್ಯತ್ಯಾಸ ಒಂದಿದೆ. ಜೇನ್‌ಗೆ ರಾಚೆಸ್ಟರ್‌ನನ್ನು ಬಿಟ್ಟು ಹೊರಟುಹೋಗುವ ಆಯ್ಕೆ ಇತ್ತು, ತನ್ನ ಕೈಯಲ್ಲಿ ಹಣ ಬಂದ ಮೇಲೆ ತಾನಾಗಿ ಮರಳುವ ಆಯ್ಕೆಯೂ ಇತ್ತು. ಅದೇ ರಾಣಿಯ ಆಳ್ವಿಕೆಯಲ್ಲಿದ್ದ ಕಲ್ಯಾಣದ ಆನಂದಿಗೆ ಒಂಬತ್ತನೇ ವಯಸ್ಸಿನಲ್ಲೇ ಆಯ್ಕೆ ಮುಗಿದಿತ್ತು. 1891ರಲ್ಲಿ ಬಂದ ಸಮ್ಮತಿ ವಯಸ್ಸಿನ ಕಾಯ್ದೆ ಕೂಡ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕಷ್ಟೇ ಏರಿಸಿತು. ಅದಕ್ಕೂ ದೊಡ್ಡ ಗಲಾಟೆಯೇ ನಡೆಯಿತು. ಇಂಥ ಕಟ್ಟುಪಾಡಿನೊಳಗೆ ಇದ್ದುಕೊಂಡೇ ಆನಂದಿಬಾಯಿ ತಮ್ಮ ಗುರಿಯನ್ನು ತಾವು ಗೊತ್ತು ಮಾಡಿಕೊಂಡರು.

ನಮ್ಮಲ್ಲೂ ಇಂಥದೇ ಕಥೆ ಪುಸ್ತಕವಾಗಲು ತಡವಾಗಲಿಲ್ಲ. 1899ರಲ್ಲಿ ಮಂಗಳೂರಿನಿಂದ ಪ್ರಕಟವಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾಗಿದೆ. ಅದರ ನಾಯಕಿ ಎಳೆಯ ವಿಧವೆ. ಓದಿ, ಮರುಮದುವೆಯಾಗಿ ಹೊಸ ಬದುಕು ಕಟ್ಟಿಕೊಳ್ಳುತ್ತಾಳೆ.

ಯಾರ ಕಥೆ ಇದು?

ಆನಂದಿಬಾಯಿ ತೀರಿಕೊಂಡ ಮರುವರ್ಷವೇ, 1888ರಲ್ಲಿ, ಅಮೆರಿಕದ ಲೇಖಕಿ ಕ್ಯಾರೊಲಿನ್ ಹೀಲಿ ಡಾಲ್ ಇಂಗ್ಲಿಷಿನಲ್ಲಿ ಜೀವನ ಚರಿತ್ರೆ ಬರೆದರು. ಸ್ವಲ್ಪದರಲ್ಲೇ ಕಾಶೀಬಾಯಿ ಕಾನಿಟ್ಕರ್ ಮರಾಠಿಯಲ್ಲಿ ಬರೆದರು. ಇಬ್ಬರು ಹೆಂಗಸರು ಪತ್ರಗಳನ್ನು ಮುಂದಿಟ್ಟುಕೊಂಡು ಬರೆದ ಪುಸ್ತಕಗಳಿವು.

1968ರಲ್ಲಿ ಶ್ರೀ. ಜ. ಜೋಶಿ ಅವರ ಮರಾಠಿ ಕಾದಂಬರಿ 'ಆನಂದಿ ಗೋಪಾಳ' ಬಂತು. ಜನಮನ ಗೆದ್ದದ್ದು ಇದೇ. ನಾಟಕವಾಯಿತು. ಕಮಲಾಕರ ಸಾರಂಗ್ ನಿರ್ದೇಶನದಲ್ಲಿ ದೂರದರ್ಶನದ ಧಾರಾವಾಹಿಯಾಯಿತು. 2019ರಲ್ಲಿ ಸಮೀರ್ ವಿದ್ವಾಂಸ್ ನಿರ್ದೇಶನದ 'ಆನಂದಿ ಗೋಪಾಳ' ಸಿನಿಮಾದಲ್ಲಿ ಭಾಗ್ಯಶ್ರೀ ಮಿಲಿಂದ್ ಮತ್ತು ಲಲಿತ್ ಪ್ರಭಾಕರ್ ನಟಿಸಿದರು. ಚಿತ್ರ ರಾಷ್ಟ್ರ ಪ್ರಶಸ್ತಿ ಪಡೆಯಿತು. 2018ರ ಮಾರ್ಚ್ 31ರಂದು ಗೂಗಲ್ ಡೂಡಲ್ ಗೌರವ ಸಿಕ್ಕಿತು. ಶುಕ್ರಗ್ರಹದ ಒಂದು ಕುಳಿಗೂ ಅವರ ಹೆಸರಿದೆ.

ಮಹಾರಾಷ್ಟ್ರದಲ್ಲಿ ಹೆಣ್ಣಿನ ಹೆಸರಿನ ಮುಂದೆ ಗಂಡನ ಹೆಸರು ಬರುವುದು ರೂಢಿ. 'ಆನಂದಿ ಗೋಪಾಳ' ಎಂಬ ಶೀರ್ಷಿಕೆ ಆ ರೂಢಿಯದೇ. ಆದರೆ ಅದರಿಂದಾಗಿ ಕಥೆಯೂ ಹೆಚ್ಚುಕಡಿಮೆ ಗಂಡನದಾಗಿಬಿಟ್ಟಿತು. ಹಠಮಾರಿ ಗಂಡ ಕೆತ್ತಿದ, ಸಾಧು ಹೆಂಡತಿ ಶಿಲ್ಪವಾದಳು ಎಂಬ ಚಿತ್ರವೇ ಜನರ ಮನಸ್ಸಿನಲ್ಲಿ ನಿಂತಿತು. ಅದರೊಳಗೆ ಹೊಡೆತವೂ ಪ್ರೀತಿಯ ಇನ್ನೊಂದು ರೂಪದಂತೆ ಕಂಡುಬಿಡುವ ಅಪಾಯವಿದೆ. ಇಂದು ಜಾಲತಾಣಗಳಲ್ಲಿ ಇತಿಹಾಸ ಎಂದು ಹರಿದಾಡುವ ಎಷ್ಟೋ ಸಂಭಾಷಣೆಗಳು ಕಾದಂಬರಿ, ಸಿನಿಮಾಗಳವು.

ನಿಜದ ಗೋಪಾಳರಾವ್ ಇನ್ನೂ ಗೋಜಲಿನ ಮನುಷ್ಯ. 1890ರಲ್ಲಿ ಪುಣೆಯ ಪಂಚಹೌದ್ ಮಿಷನ್‌ಗೆ ಟಿಳಕ್, ರಾನಡೆ ಮೊದಲಾದ ಗಣ್ಯರನ್ನು ಕರೆಸಿ, ಅಲ್ಲಿ ಚಹಾ ಕುಡಿದವರ ಹೆಸರನ್ನು ಪತ್ರಿಕೆಯಲ್ಲಿ ಹಾಕಿಸಿ, ಊರಿಗೆ ಊರೇ ಪ್ರಾಯಶ್ಚಿತ್ತದ ಜಗಳದಲ್ಲಿ ಮುಳುಗುವಂತೆ ಮಾಡಿದವರು ಇವರೇ. ಸಂಪ್ರದಾಯವನ್ನೂ ಸುಧಾರಕರನ್ನೂ ಕೆಣಕುವುದು ಅವರ ಸ್ವಭಾವ. ಸಂಶೋಧಕಿ ಮೀರಾ ಕೋಸಂಬಿ ಪತ್ರಗಳನ್ನು ಮತ್ತೆ ತೆರೆದು ಓದಿದ ಮೇಲೆ ಆನಂದಿಬಾಯಿ ಕೂಡ ಬೇರೆಯಾಗಿಯೇ ಕಾಣತೊಡಗಿದರು: ಗಂಡನಿಗೆ ಎದುರು ಮಾತಾಡಬಲ್ಲ, ತನ್ನ ಮನಸ್ಸಿನ ಇಬ್ಬಂದಿಯನ್ನು ಬಚ್ಚಿಡದ, ದೇಶದ ಬಗ್ಗೆ ಹೆಮ್ಮೆಯೂ ಸಿಟ್ಟೂ ಇದ್ದ ಹೆಣ್ಣುಮಗಳು.

ಮೊದಲಿಗರ ಲೆಕ್ಕಾಚಾರ

ಭಾರತದ ಮೊದಲ ವೈದ್ಯೆ ಯಾರು ಎಂಬ ಚರ್ಚೆ ಪ್ರತಿವರ್ಷ ಏಳುತ್ತದೆ. ಅದೇ 1886ರಲ್ಲಿ ಕಲ್ಕತ್ತದಲ್ಲೇ ಕಲಿತು ವೈದ್ಯೆಯಾದ ಕಾದಂಬಿನಿ ಗಂಗೂಲಿ ದೀರ್ಘಕಾಲ ರೋಗಿಗಳನ್ನು ನೋಡಿದರು. ಬಾಲ್ಯದ ಮದುವೆಯನ್ನು ಒಪ್ಪದೆ ಕೋರ್ಟಿನಲ್ಲಿ ಹೋರಾಡಿದ ಮುಂಬೈಯ ರುಖ್ಮಾಬಾಯಿ 1894ರಲ್ಲಿ ಲಂಡನ್ನಿನಲ್ಲಿ ಓದು ಮುಗಿಸಿ ಬಂದು ದಶಕಗಳ ಕಾಲ ದುಡಿದರು. ಆನಂದಿಬಾಯಿ ಓದಿದ ಅದೇ ಕಾಲೇಜಿನಲ್ಲಿ 1892ರಲ್ಲಿ ಪದವಿ ಪಡೆದ ಗುರುಬಾಯಿ ಕರ್ಮರ್ಕರ್ ಮುಂಬೈಯಲ್ಲಿ ಬಡ ಹೆಂಗಸರ ಸೇವೆ ಮಾಡಿದರು. ಆನಂದಿಬಾಯಿ ಮಾಡಬೇಕೆಂದಿದ್ದ ಕೆಲಸವನ್ನು ಇವರೆಲ್ಲ ಮಾಡಿದರು.

ಹಾಗಾಗಿ ಆನಂದಿಬಾಯಿ ಅವರನ್ನು ಬರೀ ಮೊದಲಿಗರ ಪಟ್ಟಿಯಲ್ಲಿ ಕೂರಿಸಿ ಕೈಮುಗಿದರೆ ಸಾಲದು. ಅವರಿಗೆ ಪದವಿ ಗುರಿಯಾಗಿರಲಿಲ್ಲ, ದಾರಿಯಾಗಿತ್ತು. ಹೆರಿಗೆ ಕೋಣೆಯಲ್ಲಿ ತಾಯಿ ಮಗು ಸಾಯಬಾರದು, ಹೆಣ್ಣಿನ ನೋವು ಕೇಳಲು ಒಬ್ಬ ಹೆಣ್ಣು ಇರಬೇಕು ಎಂಬುದು ಗುರಿ. ಇಂದು ಥಾಣೆ, ಕಲ್ಯಾಣದ ಆಸ್ಪತ್ರೆಗಳಲ್ಲಿ ಹೆರಿಗೆಗೆ ಹೋದ ಹೆಣ್ಣುಮಗಳಿಗೆ ಲೇಡಿ ಡಾಕ್ಟರ್ ಸಿಗುವುದು ವಿಶೇಷವೇ ಅಲ್ಲ. ಹದಿನೆಂಟರ ಒಳಗಿನ ಹುಡುಗಿಯ ಮದುವೆ ಕಾನೂನಿನ ಪ್ರಕಾರ ಅಪರಾಧ. ಆದರೂ ಅಂಥ ಮದುವೆಗಳು ಇನ್ನೂ ಪೂರ್ತಿ ನಿಂತಿಲ್ಲ. ಒಂದು ಅರ್ಧ ಗೆದ್ದಾಗಿದೆ, ಇನ್ನೊಂದು ಅರ್ಧ ಬಾಕಿ ಇದೆ. ಯಮುನಾಳ ಬದುಕು ಎರಡನ್ನೂ ಒಟ್ಟಿಗೆ ನೆನಪಿಸುತ್ತದೆ.